ಸಹಾಯ ಬೇಕು: ಕುಂಡದಲ್ಲಿರುವ ಶಂಕರಪುರ ಮಲ್ಲಿಗೆ ಮೊಗ್ಗು ಬಿಡ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಾಣಂತನ ಮುಗಿಸಿ ಬೆಂಗಳೂರಿಗೆ ಹೊರಟಾಗ ಅಮ್ಮ ಉಡುಪಿ ಮನೆಯಿಂದ ಕೊಟ್ಟು ಕಳಿಸಿದ ಗಿಡ ಇದು. ಬೆಳಿಗ್ಗೆ ಕುಕ್ಕರ್ ಇಟ್ಟು, ಮಗಳು ಏಳುವ ಮೊದಲು ಕಾಫಿ ಲೋಟ ಹಿಡಿದು ಹತ್ತು ನಿಮಿಷ ಇದರ ಹತ್ತಿರ ನಿಲ್ಲುತ್ತೇನೆ. ಇಡೀ ದಿನದಲ್ಲಿ ನನ್ನದು ಅಂತ ಇರುವ ಹೊತ್ತು ಅದೊಂದೇ.

ಊರಲ್ಲಿ ಮಲ್ಲಿಗೆಗೆ ಅಟ್ಟೆ ಲೆಕ್ಕ. ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನನಗೆ ಹೋದ ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ಮೊಗ್ಗು ಸಿಗುತ್ತಿತ್ತು, ಅಷ್ಟೇ ಸಾಕಾಗಿತ್ತು. ಬಾಳೆನಾರಲ್ಲಿ ಕಟ್ಟಿ ಮಗಳ ಪುಟ್ಟ ಜುಟ್ಟಿಗೆ ಮುಡಿಸಿದರೆ, 'ಅಮ್ಮಾ, ಊವು' ಅಂತ ಸಂಜೆವರೆಗೂ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಈ ವರ್ಷ ಬರೀ ಎಲೆ. ಮಗುವಿಗೆ ಹುಷಾರಿಲ್ಲದೆ ಚಳಿಗಾಲದಲ್ಲಿ ಗೆಲ್ಲು ಸವರಲು ಆಗಲಿಲ್ಲ. ಎದುರು ಹೊಸ ಕಟ್ಟಡ ಎದ್ದು ಬಿಸಿಲೂ ದಿನಕ್ಕೆ ಬರೀ ಒಂದೂವರೆ ಗಂಟೆಗೆ ಇಳಿದಿದೆ. ಎರೆಗೊಬ್ಬರ ಹಾಕಿದ್ದೇನೆ. ಕುಂಡದ ತಳದ ತೂತಿನಿಂದ ಬೇರು ಹೊರಗೆ ಇಣುಕುತ್ತಿದೆ.

ಈಗ ಸವರಿದರೆ ಚಿಗುರಿ ಮೊಗ್ಗು ಬರುತ್ತದಾ? ಮೊದಲು ಕುಂಡ ಬದಲಿಸಬೇಕಾ, ಟೆರೇಸಿಗೆ ಒಯ್ಯಬೇಕಾ? ಮಗಳು ಮಣ್ಣಲ್ಲೇ ಆಡುವುದರಿಂದ ಔಷಧಿ ಹೊಡೆಯುವುದು ಬೇಡ. ಮಲ್ಲಿಗೆ ಬೆಳೆಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.