ಬಚ್ಚಲುಮನೆಯ ಗೋಡೆಗೆ ಹುಗಿದ ಹಳೆಯ ಡಿಬಿ ಪೆಟ್ಟಿಗೆ: ಗೋಡೆಯೊಳಗೆ ನೀರಿನ ಪೈಪಿದ್ದರೆ ಬದಲಿಸುವುದು ಹೇಗೆ?

ಪ್ರಶ್ನೆ: ಮಾಳಮಡ್ಡಿಯ ನಿವಾಸಿ, ಧಾರವಾಡ

ನಮ್ಮ ಮನೆಯನ್ನು 1988ರ ಸುಮಾರಿಗೆ ಕಟ್ಟಿಸಲಾಗಿದೆ. ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ದಾರಿಯ ಗೋಡೆಯಲ್ಲಿ ಕಬ್ಬಿಣದ ಡಿಬಿ ಪೆಟ್ಟಿಗೆಯನ್ನು (ಮನೆಯ ಸರ್ಕ್ಯೂಟುಗಳಿಗೆ ಕರೆಂಟು ಹಂಚುವ ಫ್ಯೂಸುಗಳ ಪೆಟ್ಟಿಗೆ) ಹುಗಿದು ಕೂರಿಸಿದ್ದು, ಅದೇ ಗೋಡೆಯ ಆಚೆ ಬದಿಗೆ ಬಚ್ಚಲುಮನೆ ಇದೆ. ಪೆಟ್ಟಿಗೆಯ ಕೆಳ ಅಂಚು ತುಕ್ಕು ಹಿಡಿದು ಪದರು ಪದರಾಗಿ ಏಳುತ್ತಿದೆ. ಎಡಕ್ಕೆ ಗಿಲಾವು ಉಬ್ಬಿ ಬಿಳಿ ಪುಡಿ ಉದುರುತ್ತಿದೆ. ಒಳಗೆ ಪಿಂಗಾಣಿ ಫ್ಯೂಸುಗಳಷ್ಟೇ ಇವೆ, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬಂದ್ ಆಗುವ ಸ್ವಿಚ್) ಇಲ್ಲ. 12 ವೇ (ಹನ್ನೆರಡು ಸ್ವಿಚ್ ಜಾಗಗಳ) ಪೆಟ್ಟಿಗೆ ಕೂರಿಸಲು ಗೋಡೆಯನ್ನು ಇನ್ನೊಂದು ಗೇಣು ಕೊರೆಯಬೇಕೆಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಆ ಗೋಡೆಯೊಳಗೇ ಇದೆಯೆಂಬುದು ಗೊತ್ತು, ಆದರೆ ಎಲ್ಲಿ ಎಂಬುದಕ್ಕೆ ನಕ್ಷೆಯಿಲ್ಲ. ಇದ್ದಲ್ಲಿಯೇ ಹೊಸ ಪೆಟ್ಟಿಗೆ ಕೂರಿಸಬಹುದೇ? ಮನೆಯಲ್ಲಿ ಸಣ್ಣ ಮಕ್ಕಳಿರುವುದರಿಂದ ನನಗೆ ಚಿಂತೆಯಾಗಿದೆ.

ಉತ್ತರ 1: ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ

ಸರ್, ನೀರು ಎಲ್ಲಿಂದ ಬರುತ್ತಿದೆ ಎಂಬುದು ಖಚಿತವಾಗುವವರೆಗೆ ಆ ಗೋಡೆಗೆ ಉಳಿ ಹಚ್ಚಲು ದಯವಿಟ್ಟು ಬಿಡಬೇಡಿ. ಪೆಟ್ಟಿಗೆಯೊಳಗೆ ಪಸೆ ಕಂಡರೆ ಮೇನ್ ಸ್ವಿಚ್ ಬಂದ್ ಮಾಡಿಸಿ, ಒಣಗುವವರೆಗೆ ಹಾಗೆಯೇ ಇಡಿ.

ಎಲ್ಲರೂ ಮೊದಲು ನೀರಿನ ಪೈಪನ್ನೇ ಅನುಮಾನಿಸುತ್ತಾರೆ. ಆದರೆ ಹಳೆಯ ಮನೆಗಳಲ್ಲಿ ವೈರಿನ ಕಾಂಡ್ಯೂಟ್ ಪೈಪುಗಳು ಸ್ಲ್ಯಾಬಿನಿಂದ ನೇರವಾಗಿ ಪೆಟ್ಟಿಗೆಯ ಮೇಲ್ಭಾಗಕ್ಕೆ ಇಳಿದಿರುತ್ತವೆ. ಮಾಳಿಗೆಯಲ್ಲಿ ಸಣ್ಣ ಬಿರುಕಿದ್ದರೂ ಧಾರವಾಡದ ಜಿಟಿಜಿಟಿ ಮಳೆಯ ನೀರು ಆ ಕಾಂಡ್ಯೂಟಿನೊಳಗೆ ಸೇರಿ, ವೈರಿನ ಗುಂಟ ಇಳಿದು, ಫ್ಯೂಸಿನ ಮೇಲೆಯೇ ತೊಟ್ಟಿಕ್ಕುತ್ತದೆ. ಮುಚ್ಚಳ ತೆಗೆಸಿ ನೋಡಿ. ತುಕ್ಕಿನ ಗೆರೆ ಮೇಲಿನ ತೂತಿನಿಂದ ಇಳಿದಿದ್ದರೆ ಮಾಳಿಗೆಯನ್ನು ಸಂಶಯಿಸಬೇಕು. ತಾವು ಹೇಳಿದಂತೆ ಕೆಳಗೆ ಮತ್ತು ಪಕ್ಕದಲ್ಲಷ್ಟೇ ಇದ್ದರೆ ಬಚ್ಚಲಿನ ಕಡೆಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಗೋಡೆಯ ದಪ್ಪವನ್ನೂ ಅಳೆಯಿರಿ. ನಾಲ್ಕೂವರೆ ಇಂಚಿನ ಗೋಡೆಯಾದರೆ, ಸುಮಾರು 3 ಇಂಚು ಆಳದ ಪೆಟ್ಟಿಗೆಯ ಬೆನ್ನಿಗೆ ಉಳಿಯುವುದು ತೆಳುವಾದ ಪದರು ಮತ್ತು ಬಚ್ಚಲಿನ ಟೈಲ್ಸ್ ಮಾತ್ರ. ಅಂಥ ಗೋಡೆಯಲ್ಲಿ ಹೊಸ ಪೆಟ್ಟಿಗೆ ಹುಗಿಯುವುದಕ್ಕೆ ನಾನು ಒಪ್ಪುವುದಿಲ್ಲ. ಎದುರಿನ ಒಣ ಗೋಡೆಯ ಮೇಲೆ ಸರ್ಫೇಸ್ ಪೆಟ್ಟಿಗೆ (ಗೋಡೆ ಕೊರೆಯದೆ ಮೇಲೆಯೇ ಬಿಗಿಯುವಂಥದು) ಕೂರಿಸುವುದೇ ಮೇಲು. ನೋಟಕ್ಕೆ ಅಷ್ಟು ಚೆನ್ನಾಗಿರುವುದಿಲ್ಲ, ಆದರೆ ಪೈಪಿನ ಭಯ ಇರುವುದಿಲ್ಲ.

ಉತ್ತರ 2: ನಳಜೋಡಣೆ ಕೆಲಸದವರು, ಗದಗ

ಬಿಳಿ ಪುಡಿ ಎಂದರೆ ಗೋಡೆಯೊಳಗಿನ ನೀರು ಆರಿ ಹೋಗುವಾಗ ಬಿಟ್ಟ ಉಪ್ಪು, ಅಂದರೆ ಪಸೆ ಬಹಳ ಕಾಲದಿಂದ ಇದೆ. ನಗರಸಭೆಯ ನೀರು ದಿನಗಳ ಅಂತರದಲ್ಲಿ ಬರುವ ಓಣಿಗಳಲ್ಲಿ ಒಂದು ಸುಲಭ ಗುರುತಿದೆ. ನಳ ಬಂದ ದಿನವಷ್ಟೇ ಗೋಡೆ ಹಸಿಯಾದರೆ ನೇರ ಲೈನಿನಲ್ಲಿ ಸೋರಿಕೆ ಇದೆ, ಸದಾ ಹಸಿಯಿದ್ದರೆ ಟ್ಯಾಂಕಿನ ಲೈನನ್ನು ನೋಡಬೇಕು, ಯಾರೋ ಸ್ನಾನ ಮಾಡಿದ ಮೇಲೆ ಮಾತ್ರ ಹಸಿಯಾದರೆ ಪೈಪಿನಲ್ಲಲ್ಲ, ಟೈಲ್ಸಿನ ಸಂದಿನಲ್ಲಿಯೋ ಹೊರಹೋಗುವ ನೀರಿನ ಪೈಪಿನಲ್ಲಿಯೋ ದೋಷವಿದೆ.

ಜಿಐ ಪೈಪು ನಡುವೆ ಬೇಗ ಸೋರುವುದಿಲ್ಲ. ಥ್ರೆಡ್ ಕೊರೆಯುವಾಗ ಸತುವಿನ ಲೇಪ ಹೋಗುವುದರಿಂದ ಎಲ್ಬೋ ಮತ್ತು ಟೀ ಕೂಡುವಲ್ಲಿಯೇ ಮೊದಲು ತುಕ್ಕು ತಿನ್ನುತ್ತದೆ. ಹುಬ್ಬಳ್ಳಿಯ ಎರೆಮಣ್ಣಿನ ಕಡೆಗಾದರೆ, ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುವ ನೆಲ ಗೋಡೆಯನ್ನೇ ಅಲುಗಿಸುವುದರಿಂದ ಈ ಕೂಡುಗಳಿಗೆ ಇನ್ನಷ್ಟು ಪೆಟ್ಟು ಬೀಳುತ್ತದೆ. ಲೋಹ ಪತ್ತೆ ಮಾಡುವ ಕೈಯಂತ್ರವು ಜಿಐ ಪೈಪನ್ನು ತೋರಿಸುತ್ತದೆ, ಆದರೆ ಪೆಟ್ಟಿಗೆಯ ಹತ್ತಿರ ಪೆಟ್ಟಿಗೆಯ ಕಬ್ಬಿಣವೇ ಅದನ್ನು ದಾರಿ ತಪ್ಪಿಸುತ್ತದೆ. ಆದ್ದರಿಂದ ಬಚ್ಚಲಿನಲ್ಲಿ ನಳಗಳು ಇರುವ ಜಾಗದಿಂದ ಆರಂಭಿಸಿ ಗೆರೆ ಎಳೆಯುತ್ತ ಬನ್ನಿ. ಕೊನೆಗೆ ನಳಗಳಿಗೆ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ಕೊಟ್ಟು ಗೇಜಿನ ಮುಳ್ಳು ಇಳಿಯುತ್ತದೆಯೇ ನೋಡಬೇಕು. ಟ್ಯಾಂಕು ನಳಕ್ಕಿಂತ 4 ಮೀಟರ್ ಎತ್ತರದಲ್ಲಿದ್ದರೆ ಪೈಪಿನಲ್ಲಿರುವ ಒತ್ತಡ ಚದರ ಸೆಂಟಿಮೀಟರಿಗೆ 0.4 ಕಿಲೋದಷ್ಟೇ, ಸೂಜಿ ತೂತು ಅಷ್ಟಕ್ಕೆ ಕಾಣಿಸಿಕೊಳ್ಳದೆಯೂ ಇರಬಹುದು.

ಪ್ರಶ್ನಿಸಿದವರು:

ಇಬ್ಬರಿಗೂ ವಂದನೆಗಳು. ಮೇಲಿನ ತೂತುಗಳ ಬಳಿ ತುಕ್ಕಿಲ್ಲ. ಗೋಡೆ ನಾಲ್ಕೂವರೆ ಇಂಚಿನದೇ, ಮತ್ತು ಸದಾ ಹಸಿಯಾಗಿರುತ್ತದೆ. ಜಿಐ ಲೈನನ್ನು ಬಂದ್ ಮಾಡಿಸಿ ಹೊರಗೋಡೆಯ ಮೇಲಿಂದ ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಹಾಕಿಸಬೇಕೆಂದಿದ್ದೇವೆ. ಪೆಟ್ಟಿಗೆಯನ್ನು ಎದುರಿನ ಗೋಡೆಗೆ ಒಯ್ಯುತ್ತೇವೆ. ಇನ್ನೇನಾದರೂ ನೋಡಬೇಕೇ?

ಉತ್ತರ 1ರವರು ಮತ್ತೆ:

ಪೈಪು ಬದಲಿಸುವ ಮುನ್ನ ಅರ್ಥಿಂಗ್ ವೈರು ಎಲ್ಲಿಗೆ ಹೋಗಿದೆ ಎಂದು ಅಗತ್ಯವಾಗಿ ನೋಡಿಸಿ. ಹಳೆಯ ಮನೆಗಳಲ್ಲಿ ಅದನ್ನು ನೀರಿನ ಜಿಐ ಪೈಪಿಗೇ ಸುತ್ತಿರುವುದುಂಟು. ಅಂಥ ಪೈಪನ್ನು ತೆಗೆದು ಪ್ಲಾಸ್ಟಿಕ್ ಹಾಕಿದ ದಿನವೇ ಮನೆಯ ಅರ್ಥಿಂಗ್ ಇಲ್ಲವಾಗುತ್ತದೆ, ಮತ್ತು ಅದು ಯಾರ ಗಮನಕ್ಕೂ ಬರುವುದಿಲ್ಲ. ಹೊರಗೆ ಪ್ರತ್ಯೇಕ ಅರ್ಥ್ ಗುಂಡಿ ಮಾಡಿಸಿ, ಅಲ್ಲಿಂದ ಹೊಸ ಪೆಟ್ಟಿಗೆಗೆ ವೈರು ತರಿಸಿ.

30 ಮಿಲಿಆಂಪ್ ಆರ್‌ಸಿಸಿಬಿ ಹಾಕಿದ ಮೇಲೆ ಅದು ಪದೇಪದೇ ಬೀಳುತ್ತಿದ್ದರೆ ಕೆಟ್ಟಿದೆಯೆಂದು ತೆಗೆಸಬೇಡಿ. ಅದರ ಆಚೆಗಿರುವ ಸರ್ಕ್ಯೂಟಿನ ನ್ಯೂಟ್ರಲ್ (ಕರೆಂಟು ಮರಳುವ ವೈರು) ಬೇರೆ ಸರ್ಕ್ಯೂಟಿನೊಂದಿಗೆ ಕೂಡಿರಬಹುದು, ಇಲ್ಲವೇ ಹಸಿಗೋಡೆಯೊಳಗಿನ ವೈರಿನ ಇನ್ಸುಲೇಶನ್ ಸೋತಿರಬಹುದು. ಬಲ್ಬು ಮತ್ತು ಉಪಕರಣಗಳನ್ನೆಲ್ಲ ಕಳಚಿ 500 ವೋಲ್ಟ್ ಮೆಗ್ಗರಿನಿಂದ (ಇನ್ಸುಲೇಶನ್ ಅಳೆಯುವ ಯಂತ್ರ) ಪ್ರತಿ ಸರ್ಕ್ಯೂಟನ್ನೂ ಅಳೆಯಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದ ವೈರನ್ನು ಹೊಸ ಪೆಟ್ಟಿಗೆಗೆ ಜೋಡಿಸಬೇಡಿ. ಮೇನ್ ಸ್ವಿಚ್ ಬಂದ್ ಮಾಡಿದರೂ ಅದಕ್ಕೆ ಬರುವ ಕಡೆಯ ತುದಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಅಲ್ಲಿನ ಕೆಲಸಕ್ಕೆ ಮೀಟರಿನ ಸೀಲು ಅಥವಾ ಅದರ ಹಿಂದಿನ ಕಟ್‌ಔಟ್ (ಫ್ಯೂಸು) ಮುಟ್ಟಬೇಕಾಗಿ ಬಂದರೆ, ಮೊದಲೇ ಹೆಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಗೆ ಅರ್ಜಿ ಕೊಟ್ಟು ಅವರ ಸಿಬ್ಬಂದಿಯ ಎದುರಿನಲ್ಲಿಯೇ, ಪರವಾನಗಿ ಇರುವ ಗುತ್ತಿಗೆದಾರರಿಂದ ಮಾಡಿಸಿ.