ಎಡಗೈ ಮಗಳು, 20 ಸಾವಿರ ಬಜೆಟ್, ಯಾವ ಗಿಟಾರಿಸ್ಟ್ ಹಿಂದೆ ಹೋಗಲಿ? ಅನುಭವ ಇದ್ದವರು ಹೇಳಿ

ಜಯನಗರದ ಅಪ್ಪ:
ಮಗಳಿಗೆ 13. ಎಲೆಕ್ಟ್ರಿಕ್ ಗಿಟಾರೇ ಬೇಕು ಅಂತ ಹಟ. ಬರೆಯೋದು, ಶಟಲ್ ಆಡೋದು ಎಲ್ಲ ಎಡಗೈ. ಕ್ಲಾಸಿನ ಮೇಷ್ಟ್ರು ಎರಡು ಮಾತು ಹೇಳಿದ್ರು. ಬಲಗೈ ಗಿಟಾರೇ ಕೊಡಿಸಿ, ಅಭ್ಯಾಸ ಆಗುತ್ತೆ ಅನ್ನೋದು ಒಂದು. ರಾಕ್‌ನಲ್ಲಿ ಎಲ್ಲರಿಗಿಂತ ದೊಡ್ಡವನು ಅನ್ನಿಸಿದ ಒಬ್ಬನನ್ನ ಹಿಡ್ಕೊಂಡು ವರ್ಷವಿಡೀ ಅವನನ್ನೇ ಕೇಳಲಿ ಅನ್ನೋದು ಇನ್ನೊಂದು. ಯಾರು ಸಾರ್ ದೊಡ್ಡವರು ಅಂದ್ರೆ ನಕ್ಕು ಸುಮ್ಮನಾದ್ರು. ನನ್ನ ಸಂಗೀತ ಜ್ಞಾನ ರಾಜನ್-ನಾಗೇಂದ್ರ ಹತ್ರವೇ ನಿಂತಿದೆ. ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡೋ ಪೆಟ್ಟಿಗೆ) ಸೇರಿ 20 ಸಾವಿರ ದಾಟಬಾರದು. ದಯವಿಟ್ಟು ತಿಳಿಸಿ.

ಉಲ್ಟಾತಂತಿ:
ಜಿಮಿ ಹೆಂಡ್ರಿಕ್ಸ್, ಅಮೆರಿಕದ ಎಡಚ ಗಿಟಾರಿಸ್ಟ್. ಮುಗೀತು. ಇದರಲ್ಲಿ ಚರ್ಚೆಗೆ ಏನಿದೆ?

ನಾನೂ ಎಡಚ. 1998ರಲ್ಲಿ ಎಡಗೈ ಗಿಟಾರ್ ಇದೆಯಾ ಅಂದ್ರೆ ಅಂಗಡಿಯವರು ಗಿಟಾರ್ ಬಿಟ್ಟು ನನ್ನ ಕೈ ನೋಡೋರು. 4,200 ಕೊಟ್ಟು ಬಲಗೈದೇ ತಂದು ತಲೆಕೆಳಗು ಮಾಡಿದೆ, ಹೆಂಡ್ರಿಕ್ಸ್ ಮಾಡಿದ ಹಾಗೇ. ತಂತಿ ಬಿಚ್ಚಿ ತಿರುಗಿಸಿ ಕಟ್ಟಿದ್ರೆ ಆಯ್ತು ಅಂದ್ಕೊಂಡಿದ್ದೆ. ಎಲ್ಲಿ! ಕತ್ತಿನ ತುದಿಯಲ್ಲಿ ತಂತಿ ಕೂರೋ ಗೀರುಪಟ್ಟಿ ಇದೆಯಲ್ಲ, ನಟ್ ಅಂತಾರೆ, ಅದರಲ್ಲಿ ದಪ್ಪ ತಂತಿ ಸಣ್ಣ ಗೀರಿಗೆ ಇಳಿಯಲ್ಲ, ಸಣ್ಣದು ದಪ್ಪ ಗೀರಲ್ಲಿ ಝುಯ್ ಅನ್ನುತ್ತೆ. ಹೊಸ ನಟ್ ಕೊರೆಸಿದ್ದು 350. ಅದು ತಗ್ಗಾಯ್ತು, ಮತ್ತೆ 350. ಬೆಲ್ಟಿನ ಗುಂಡಿಯನ್ನ ಆ ಕೊಂಬಿಂದ ಈ ಕೊಂಬಿಗೆ ಹಾಕು ಅಂದ್ರೆ ಬಡಗಿ ಡ್ರಿಲ್ ಇಟ್ಟು ಮರವನ್ನೇ ಸೀಳಿದ. ಅವನಿಗೆ 60, ಫೆವಿಕಾಲ್ 22. ಒಟ್ಟು 4,982 ರೂಪಾಯಿ, ಡೈರಿಯಲ್ಲಿ ಇನ್ನೂ ಇದೆ. ಇಷ್ಟಾದ ಮೇಲೆ ವಾಲ್ಯೂಮ್ ಗುಂಡಿ ಮೇಲ್ಗಡೆ ಬಂತು. ಕಾಲೇಜ್ ಫೆಸ್ಟಲ್ಲಿ ಸೋಲೋ ಮಧ್ಯೆ ಮೊಣಕೈ ತಾಗಿ ಸದ್ದೇ ಸತ್ತುಹೋಯ್ತು. ಡ್ರಮ್ಮರ್ ಇವತ್ತಿಗೂ ಆಡ್ಕೋತಾನೆ.

ಆದರೆ ಆ ಸದ್ದು ಇದೆಯಲ್ಲ! ಅವನು ನುಡಿಸ್ತಿದ್ದ ಸ್ಟ್ರಾಟ್, ಅಂದ್ರೆ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್‌ನಲ್ಲಿ, ತಂತಿಯ ಬುಡದ ಬ್ರಿಡ್ಜ್ ಹತ್ತಿರದ ಪಿಕಪ್ (ತಂತಿಯ ಸದ್ದು ಹಿಡಿಯೋ ಮ್ಯಾಗ್ನೆಟ್) ಓರೆಯಾಗಿ ಕೂತಿರುತ್ತೆ. ಗಿಟಾರ್ ಮಗುಚಿದ್ರೆ ಆ ಓರೆಯೂ ಮಗುಚುತ್ತೆ, ದಪ್ಪ ತಂತಿ ಚುರುಕಾಗುತ್ತೆ, ಸಣ್ಣದು ಮೆತ್ತಗಾಗುತ್ತೆ. ಅವನ ಮೊದಲ ಆಲ್ಬಂ ಬಂದಿದ್ದು 1967ರಲ್ಲಿ, 27ನೇ ವಯಸ್ಸಿಗೆ ಸತ್ತಿದ್ದು 1970ರ ಸೆಪ್ಟೆಂಬರಲ್ಲಿ. ಮೂರೂ ಚಿಲ್ಲರೆ ವರ್ಷ. ಅಷ್ಟರಲ್ಲಿ ಮಾಡಿದ್ದನ್ನ ಉಳಿದವರು ಐವತ್ತು ವರ್ಷದಿಂದ ನಕಲು ಮಾಡ್ತಿದಾರೆ.

ಬಲಕ್ಕೇ ಬಂದವ:
ಮೇಲಿನ ಮಹನೀಯರ ಡೈರಿ ಓದಿ ಕಣ್ಣು ತುಂಬಿ ಬಂತು. ಅವರ ಮೂರ್ಖತನಕ್ಕೆ ಹೆಂಡ್ರಿಕ್ಸ್ ಯಾಕೆ ಜವಾಬ್ದಾರಿ?

ನಾನೂ ಎಡಚನೇ. ಮೊದಲ ದಿನದಿಂದ ಬಲಗೈ ಗಿಟಾರ್. ಡೈರ್ ಸ್ಟ್ರೈಟ್ಸ್ ಬ್ಯಾಂಡಿನ ಮಾರ್ಕ್ ನಾಫ್ಲರ್ ಹುಟ್ಟು ಎಡಚ, ನುಡಿಸೋದು ಬಲಗೈಲಿ. ಗ್ಯಾರಿ ಮೂರ್ ಹಾಗೇ. ಯೋಚಿಸಿ: ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಒತ್ತೋದು, ತಂತಿ ಎಳೆಯೋದು, ನಡುಕ ಕೊಡೋದು ಎಲ್ಲ ಎಡಗೈ ಕೆಲಸ. ನಿಮ್ಮ ಜಾಣ ಕೈ ಅಲ್ಲೇ ಇದ್ರೆ ಲಾಭವೋ ನಷ್ಟವೋ? 2005ರಲ್ಲಿ ನಾಫ್ಲರ್ ಬೆಂಗಳೂರಿಗೆ ಬಂದಾಗ ಮೂರು ತಿಂಗಳ ಪಾಕೆಟ್ ಮನಿ ಸುರಿದು ಹೋಗಿದ್ದೆ. ತಂತಿ ಮೀಟೋ ಪಿಕ್ ಇಲ್ಲ, ಬರೀ ಹೆಬ್ಬೆಟ್ಟು ಮತ್ತು ಎರಡು ಬೆರಳು. ಒಂದು ಸ್ವರ ಜಾಸ್ತಿ ನುಡಿಸಲ್ಲ ಆ ಮನುಷ್ಯ. ಗಿಟಾರ್‌ಗೆ ಬೆಂಕಿ ಹಚ್ಚೋದೂ ಇಲ್ಲ.

ನಷ್ಟವೇ ಇಲ್ಲ ಅಂತ ಸುಳ್ಳು ಹೇಳಲ್ಲ. ಎಂಟನೇ ವರ್ಷಕ್ಕೆ ಬಲ ಮಣಿಕಟ್ಟು ಹಿಡ್ಕೊಂಡು ಬಿಡ್ತು. ಫಿಸಿಯೋಥೆರಪಿ 14 ಸಿಟ್ಟಿಂಗ್, ಒಂದಕ್ಕೆ 400, ಅಂದ್ರೆ 5,600. ಆಟೋ ಖರ್ಚು ಬೇರೆ. ಡಾಕ್ಟರು ಆರು ತಿಂಗಳು ಮುಟ್ಟಬೇಡಿ ಅಂದ್ರು, ನಾಲ್ಕನೇ ತಿಂಗಳಿಗೆ ಮುಟ್ಟಿದೆ, ಮತ್ತೆ ಆರು ಸಿಟ್ಟಿಂಗ್.

ಉಲ್ಟಾತಂತಿ:
ಅಂದ್ರೆ ನನ್ನ 4,982ಕ್ಕಿಂತ ನಿಮ್ಮ ಮಣಿಕಟ್ಟೇ ದುಬಾರಿ ಆಯ್ತು. ನನ್ನ ಕೈ ಇವತ್ತಿಗೂ ನೆಟ್ಟಗಿದೆ. ಬೆಂಕಿ ಹಚ್ಚಿದ್ದು 1967ರ ಮಾಂಟೆರೆ ಸಂಗೀತೋತ್ಸವದಲ್ಲಿ, ಅದೊಂದನ್ನೇ ಹಿಡ್ಕೊಂಡು ನೇತಾಡೋರು ಹೆಂಡ್ರಿಕ್ಸ್ ಕೇಳಿಲ್ಲ, ಫೋಟೋ ನೋಡಿದಾರೆ.

ಪಟ್ಟಿ ಪರಮೇಶಿ:
ಜಗಳ ಬೇಡ, ಲೆಕ್ಕ ನೋಡೋಣ. ರೋಲಿಂಗ್ ಸ್ಟೋನ್ ಪತ್ರಿಕೆ 2003, 2011, 2023 ಮೂರು ಸಲ ದೊಡ್ಡ ಗಿಟಾರಿಸ್ಟ್‌ಗಳ ಪಟ್ಟಿ ಹಾಕಿದೆ. ಮೂರರಲ್ಲೂ ಹೆಂಡ್ರಿಕ್ಸೇ ಒಂದು. 2011ರಲ್ಲಿ ಎರಡನೇ ಜಾಗದಲ್ಲಿದ್ದ ಕ್ಲಾಪ್ಟನ್ 2023ರಲ್ಲಿ ಮೊದಲ ಹತ್ತರಲ್ಲೇ ಇಲ್ಲ. ಆ ಸಲ ಚಕ್ ಬೆರ್ರಿ ಎರಡು, ಜಿಮ್ಮಿ ಪೇಜ್ ಮೂರು, ಎಡ್ಡಿ ವ್ಯಾನ್ ಹೇಲನ್ ನಾಲ್ಕು. ಇದನ್ನೆಲ್ಲ ನಾನು ನೋಟ್ ಬುಕ್ಕಲ್ಲಿ ಕಾಲಂ ಹಾಕಿ ಬರೆದಿಟ್ಟಿದೀನಿ.

ತಲೆಮುರುಕ ಪಾಲ್:
ಕ್ಲಾಪ್ಟನ್ ಹತ್ತರಲ್ಲಿ ಇಲ್ವಾ? ಅರವತ್ತರ ದಶಕದಲ್ಲಿ ಲಂಡನ್ ಗೋಡೆ ಮೇಲೆ ಕ್ಲಾಪ್ಟನ್ ದೇವರು ಅಂತ ಬರೆದಿದ್ರು ಸ್ವಾಮಿ. ಆ ಗೋಡೆ ನಿಮ್ಮ ನೋಟ್ ಬುಕ್ಕಿಗಿಂತ ಹಳೇದು. ಅವನ ಆ ಕಾಲದ ಸದ್ದು ಬೇಕು ಅಂತ ನಾನು ಪಿಎಫ್ ತೆಗೆದು ಗಿಬ್ಸನ್ ಲೆಸ್ ಪಾಲ್ ಗಿಟಾರ್ ತಗೊಂಡವನು. ಹೆಂಡ್ತಿಗೆ ಹೇಳಿದ ರೇಟು ಒಂದು, ಕೊಟ್ಟಿದ್ದು ಇನ್ನೊಂದು. ಹನ್ನೊಂದನೇ ದಿನ ಸ್ಟ್ಯಾಂಡಿಂದ ಜಾರಿ ಗಿಟಾರಿನ ತಲೆ ಮುರೀತು. ಎಲ್ಲಿಂದ ಬಿತ್ತು ಗೊತ್ತಾ? ಮೊಣಕಾಲೆತ್ತರದಿಂದ! ಆ ತಲೆ ಹಿಂದಕ್ಕೆ ಬಾಗಿರುತ್ತೆ, ಕತ್ತಲ್ಲಿ ಟ್ರಸ್ ರಾಡ್ ಅನ್ನೋ ಲೋಹದ ಸರಳಿಗೆ ಮರ ಕೊರೆದಿರ್ತಾರೆ, ಅಲ್ಲೇ ಪಟ್ ಅನ್ನುತ್ತೆ. ಅಂಟು ಹಾಕಿಸಿದ್ದು 6,500. ಸದ್ದು ಹಾಗೇ ಇದೆ. ಮಾರೋಕೆ ಹೋದ್ರೆ ಅರ್ಧ ಬೆಲೆಗೂ ಮೂಗು ಮುರೀತಾರೆ. ಹೆಂಡ್ತಿಗೆ ಈಗ ಎರಡೂ ರೇಟು ಗೊತ್ತು.

ಐಯೋಮಿ ಶಿಷ್ಯ, ಭದ್ರಾವತಿ:
ನೀವೆಲ್ಲ ಐದೈದು ಬೆರಳು ಇಟ್ಕೊಂಡು ಜಗಳ ಆಡ್ತಿದೀರಿ, ಆಡಿ.

ನಾನು ಲೇತ್ ಕೆಲಸದವನು. 2011ರಲ್ಲಿ ಒಂದು ವರ್ಕ್‌ಶಾಪಲ್ಲಿ ಎಡಗೈ ಉಂಗುರ ಬೆರಳಿನ ತುದಿ ಹೋಯ್ತು. ಅದಕ್ಕೆ ಮುಂಚೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತಿದ್ದೆ, ಗಣಪತಿ ಸೀಸನ್ನಲ್ಲಿ ರಾತ್ರಿಗೆ 600. ಆಸ್ಪತ್ರೆಯಲ್ಲಿ ಮಲಗಿದ್ದಾಗ ಗೆಳೆಯ ಮೊಬೈಲಲ್ಲಿ ಬ್ಲ್ಯಾಕ್ ಸಬಾತ್ ಬ್ಯಾಂಡಿನ ಹಾಡು ಹಾಕಿ ಅದರ ಗಿಟಾರಿಸ್ಟ್ ಟೋನಿ ಐಯೋಮಿ ಕಥೆ ಹೇಳಿದ. ಬರ್ಮಿಂಗ್‌ಹ್ಯಾಮಿನ ಶೀಟ್ ಮೆಟಲ್ ಫ್ಯಾಕ್ಟರಿ, 17 ವಯಸ್ಸು, ಕೆಲಸ ಬಿಡೋ ಕೊನೇ ದಿನ. ಎಡಚ, ಹಾಗಾಗಿ ಫ್ರೆಟ್ ಒತ್ತೋದು ಬಲಗೈ. ಹೋಗಿದ್ದು ಅದೇ ಬಲಗೈಯ ಎರಡು ಬೆರಳ ತುದಿ. ಎರಡು ಬೆರಳು ಸುಟ್ಟಿದ್ರೂ ನುಡಿಸ್ತಿದ್ದ ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದ್ದು ಅವನ ಫ್ಯಾಕ್ಟರಿಯ ಫೋರ್‌ಮನ್. ನಮ್ಮ ಫೋರ್‌ಮನ್ ಎರಡು ಮೂಸಂಬಿ ತಂದಿದ್ರು, ಅದೂ ದೊಡ್ಡ ಮಾತು.

ಐಯೋಮಿ ಪಾತ್ರೆ ತೊಳೆಯೋ ಸೋಪಿನ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡು ಮೇಲೆ ಚರ್ಮ ಅಂಟಿಸಿದ. ನಾನು ಶಾಂಪೂ ಮುಚ್ಚಳದಿಂದ ಶುರು ಮಾಡಿದೆ. ಜಾರೋದು. ಆಮೇಲೆ ಎಂ-ಸೀಲ್. ಅದು ಒಣಗಿ ಬೆರಳಿಗೇ ಕಚ್ಚಿಕೊಂಡು ಚರ್ಮ ಕಿತ್ತು ಬಂತು. ಒಂಬತ್ತನೇ ಟೋಪಿ ನಿಂತಿದ್ದು: ಪಿವಿಸಿ ಪೈಪಿನ ತುಂಡು ಬಿಸಿ ಮಾಡಿ ಒತ್ತಿ, ಮೇಲೆ ಹಳೇ ಚಪ್ಪಲಿಯ ತೊಗಲು. ಎರಡು ತಿಂಗಳಿಗೆ ಒಂದು ಸವೆಯುತ್ತೆ. ಟೋಪಿ ಒಳಗಿನ ಬೆರಳಿಗೆ ತಂತಿಯೇ ಗೊತ್ತಾಗಲ್ಲ, ಕಿವಿಯಲ್ಲೇ ಒತ್ತಬೇಕು. 1971ರಲ್ಲಿ ಬಂದ ಸಬಾತ್‌ನ ಮೂರನೇ ಆಲ್ಬಂನಲ್ಲಿ ತಂತಿ ಸಡಿಲ ಮಾಡಿ ಶ್ರುತಿ ಇಳಿಸಿದ್ರಲ್ಲ, ಜನ ಅದಕ್ಕೆ ದೆವ್ವದ ಸದ್ದು ಅಂತಾರೆ. ನನ್ನ ಮಟ್ಟಿಗೆ ಅದು ಬೆರಳು ನೋಯದ ಸದ್ದು. ಇಡೀ ಹೆವಿ ಮೆಟಲ್ ನಿಂತಿರೋದು ಒಬ್ಬ ಕಾರ್ಮಿಕನ ಬೆರಳ ಮೇಲೆ. ಪಟ್ಟಿಯಲ್ಲಿ ಅವರು ಎಷ್ಟನೇಯವರು ಅಂತ ದಯವಿಟ್ಟು ಹೇಳಬೇಡಿ ಪರಮೇಶಣ್ಣ.

ಪಟ್ಟಿ ಪರಮೇಶಿ:
ಹೇಳಲ್ಲ.

ಹುಬ್ಬಳ್ಳಿ ಆಂಪ್:
ಹೆಂಡ್ರಿಕ್ಸು ನಾಫ್ಲರು ಅಂತ ಬಡದಾಡಾಕ ಹತ್ತೀರಿ, ಅರ್ಥಿಂಗ್ ಬಗ್ಗೆ ಒಬ್ಬರರ ಮಾತಾಡೀರೇನ್ರಿ? 2009ರಾಗ ಒಂದು ಕಾಲೇಜ್ ಗ್ಯಾದರಿಂಗ್‌ನ್ಯಾಗ ಕೈಯಾಗ ತಂತಿ, ತುಟಿ ಮೈಕಿಗೆ ಹತ್ತಿತ್ತು. ಹೊಡೀತು ನೋಡ್ರಿ! ಹಲ್ಲೆಲ್ಲಾ ಜುಮ್ಮಂದು ಹಿಂದಕ್ಕ ಬಿದ್ದೆ, ಮಂದಿ ಸ್ಟೈಲ್ ಅಂತ ತಿಳದು ಚಪ್ಪಾಳೆ ತಟ್ಟಿದ್ರು. ಆಮ್ಯಾಲ ನೋಡಿದ್ರ ಆಂಪಿನ ಪ್ಲಗ್ಗಿನ ಮೂರನೇ ಪಿನ್ನು ಯಾರೋ ಮುರದಿದ್ರು, ಎರಡು ಪಿನ್ನಿನ ಬೋರ್ಡಿಗೆ ಕೂಡಬೇಕಂತ. ತುಟಿ ಬಾತು ಮೂರು ದಿನ ಬರೇ ಗಂಜಿ. ಆಂಪ್ ರಿಪೇರಿ 1,150. ಸ್ಟೋನ್ ದಿ ಕ್ರೋಸ್ ಬ್ಯಾಂಡಿನ ಲೆಸ್ ಹಾರ್ವೆ 1972ರಾಗ ಸ್ಟೇಜ್ ಮ್ಯಾಲ ಹಿಂಗ ಶಾಕ್ ಹೊಡದ ಸತ್ತಾನ. ಯಾವ ಗಿಟಾರಿಸ್ಟ್ ದೊಡ್ಡಾವ ಅಂದ್ರ ಜೀವಂತ ಇದ್ದಾವ. ಮದಲ ಟೆಸ್ಟರ್ ತಗೋರಿ.

ತಲೆಮುರುಕ ಪಾಲ್:
ಹಾಗಾದ್ರೆ ಹೆಂಡ್ರಿಕ್ಸ್ ಔಟ್. ಕ್ಲಾಪ್ಟನ್ ಇದಾರೆ.

ಉಲ್ಟಾತಂತಿ:
ತಲೆ ಮುರಿದಿದ್ದು ಗಿಟಾರಿಗೆ ಮಾತ್ರನಾ?

ವೀಣೆ ಬಿಟ್ಟವಳು, ಮೈಸೂರು:
ಕೇಳಿರೋದು ಹೆಣ್ಣುಮಗುವಿನ ವಿಷಯ, ಇಷ್ಟು ಜನರ ಬಾಯಲ್ಲಿ ಒಂದು ಹೆಣ್ಣಿನ ಹೆಸರಿಲ್ಲ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಹುಟ್ಟಿದ್ದು 1915ರಲ್ಲಿ. ನಿಮ್ಮ ದೇವರುಗಳೆಲ್ಲ ಹೆಸರು ಮಾಡೋ ಮುಂಚೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಹಾಡಿದವರು. 1964ರಲ್ಲಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲ್ವೆ ಸ್ಟೇಷನ್ನಲ್ಲಿ, ಮಳೆಯಲ್ಲಿ, ಕೋಟು ಹಾಕ್ಕೊಂಡು ನಿಂತು ನುಡಿಸಿದ ವಿಡಿಯೋ ಇದೆ, ನೋಡಿ. ಪರಮೇಶಿಯವರ 2023ರ ಪಟ್ಟಿಯಲ್ಲೇ ಆರನೇಯವರು. ನಾಲ್ಕಕ್ಕೇ ಯಾಕೆ ನಿಲ್ಲಿಸಿದ್ರಿ ಸಾರ್, ಕಾಲಂ ಸಾಲಲಿಲ್ವಾ?

ನಾನು ಹನ್ನೊಂದು ವರ್ಷ ವೀಣೆ ನುಡಿಸಿ, ಮದುವೆ ಆದಮೇಲೆ ಬಿಟ್ಟು, 41ಕ್ಕೆ ಗಿಟಾರ್ ಹಿಡಿದೆ. ನಿಮ್ಮವರು ಬೆಂಡ್ ಅಂತ ಕಣ್ಣು ಮುಚ್ಚಿ ಎಳೀತಾರಲ್ಲ, ನಾವು ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತೆಗೆಯೋದನ್ನ ಲಂಗ ಉಡೋ ವಯಸ್ಸಲ್ಲೇ ಕಲಿತಿದ್ವಿ. ಜಾನ್ ಮೆಕ್‌ಲಾಫ್ಲಿನ್ ವೀಣೆ ಕಲಿತು, ತಮ್ಮ ಶಕ್ತಿ ಅನ್ನೋ ಬ್ಯಾಂಡಿಗಾಗಿ ಫ್ರೆಟ್ಟಿನ ಮಧ್ಯದ ಮರ ಕೆತ್ತಿಸಿಕೊಂಡು ನುಡಿಸಿದ್ರು. ಅವರೇ ಎಲ್ಲರಿಗಿಂತ ದೊಡ್ಡವರು.

ಬಲಕ್ಕೇ ಬಂದವ:
ಮೇಡಂ, ಶಕ್ತಿ ರಾಕ್ ಅಲ್ಲ, ಫ್ಯೂಷನ್. ವಿಷಯ ರಾಕ್.

ವೀಣೆ ಬಿಟ್ಟವಳು, ಮೈಸೂರು:
ನಾಫ್ಲರ್ ಕಂಟ್ರಿ ಹಾಡಿದ್ರೆ ರಾಕ್, ಮೆಕ್‌ಲಾಫ್ಲಿನ್ ತನಿ ಆವರ್ತನಕ್ಕೆ ಕಾದರೆ ಅಲ್ಲ. ಒಳ್ಳೇ ನ್ಯಾಯ.

ಬೀಟೆಮರ, ಶಿರಸಿ:
ಒಂದು ಮಾತು. ನೀವು ಬಡಿದಾಡೋ ಗಿಟಾರ್‌ಗಳಲ್ಲಿ ಎಷ್ಟೋದರ ಬೆರಳುಪಟ್ಟಿ ನಮ್ಮ ಕಡೆಯ ಬೀಟೆ ಜಾತಿಯದೇ ಮರ, ಅವರು ಇಂಡಿಯನ್ ರೋಸ್‌ವುಡ್ ಅಂತಾರೆ. 2017ರಲ್ಲಿ ಇಡೀ ಜಾತಿಗೆ ಅಂತರರಾಷ್ಟ್ರೀಯ ಪರವಾನಗಿ ನಿಯಮ ಬಂತು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯ್ತಿ ಕೊಟ್ರು. ನಮ್ಮ ತೋಟದಲ್ಲಿ ಬಿದ್ದ ಮರಕ್ಕೆ ನಾನು ಎಷ್ಟು ಸಲ ಅರ್ಜಿ ಬರೆದೆ ಅಂತ ಹೇಳಹೊರಟರೆ…

ತಲೆಮುರುಕ ಪಾಲ್:
ಬೇಡ ಮಾರಾಯ್ರೇ.

ಗಿಲ್ಮೋರ್ ಮೌನಿ:
ಇಷ್ಟುದ್ದ ಓದಿದೆ, ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಹೆಸರೇ ಇಲ್ಲ. 2019ರ ಹರಾಜಲ್ಲಿ ಅವರ ಕಪ್ಪು ಸ್ಟ್ರಾಟ್ 39,75,000 ಡಾಲರಿಗೆ ಹೋಯ್ತು, ಇಡೀ ಹರಾಜಿನ ದುಡ್ಡನ್ನ ಪರಿಸರದ ಕೆಲಸಕ್ಕೆ ಕೊಟ್ರು. ಇನ್ನೇನೂ ಹೇಳಲ್ಲ.

ಜಯನಗರದ ಅಪ್ಪ:
ಎಲ್ಲರಿಗೂ ಧನ್ಯವಾದ. ಟೆಸ್ಟರ್ ತಗೊಂಡೆ. ಮಗಳು ಇದನ್ನೆಲ್ಲ ಓದಿ, ಭದ್ರಾವತಿಯವರ ಪೋಸ್ಟ್ ಮಾತ್ರ ಎರಡು ಸಲ ಓದಿ, ಪಕ್ಕದ ಮನೆಯಿಂದ ಹಳೇ ಗಿಟಾರ್ ತಂದು ಉಲ್ಟಾ ಹಿಡಿದು ಕೂತಿದಾಳೆ. ತಂತಿ ಝುಯ್ ಅಂತಿದೆ. ನಟ್ ಅಂತೀರಲ್ಲ, ಅದು ಮೂಳೆದು ಒಳ್ಳೇದೋ ಪ್ಲಾಸ್ಟಿಕ್ಕೋ?

ಉಲ್ಟಾತಂತಿ:
ಮೂಳೆ. ಕಣ್ಮುಚ್ಚಿಕೊಂಡು ಮೂಳೆ.

ಬಲಕ್ಕೇ ಬಂದವ:
ಎರಡು ನಟ್ ಹಾಳು ಮಾಡಿದವರ ಮಾತು ಕೇಳಬೇಡಿ. ನನ್ನ ಗಿಟಾರಿಗೆ 2013ರಲ್ಲಿ…