ಸಹಾಯ ಬೇಕು: ಕೆನೆಟ್ ಮತ್ತು ಏವನ್ ಕಾಲುವೆಯಲ್ಲಿ ಹಿರಿಯರೊಂದಿಗೆ ದೋಣಿ ಪ್ರವಾಸ

ಇಂಗ್ಲೆಂಡಿನ ಕನ್ನಡ ಬಂಧುಗಳಿಗೆ ನಮಸ್ಕಾರ.

ಬರುವ ಮೇ ತಿಂಗಳಲ್ಲಿ ಊರಿನಿಂದ ಬರಲಿರುವ ತಂದೆತಾಯಿಯವರನ್ನು ಒಂದು ವಾರ ನ್ಯಾರೋಬೋಟಿನಲ್ಲಿ (ಕಾಲುವೆಗಳಲ್ಲಿ ಸಾಗುವ ಕಿರಿದಾದ ಉದ್ದನೆಯ ದೋಣಿ) ಕರೆದೊಯ್ಯಬೇಕೆಂಬುದು ನನ್ನ ಮತ್ತು ಪತ್ನಿಯ ಬಹುದಿನದ ಆಸೆ. ಬ್ರಾಡ್‌ಫರ್ಡ್-ಆನ್-ಏವನ್‌ನಿಂದ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಯಾವ ದಿಕ್ಕಿಗೆಂಬುದು ಮಾತ್ರ ತೀರ್ಮಾನವಾಗಿಲ್ಲ.

ಪಶ್ಚಿಮಕ್ಕೆ ತಿರುಗಿದರೆ, ಬ್ರಾಡ್‌ಫರ್ಡ್‌ನ ಲಾಕ್ (ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಏರಿಸುವ, ಇಳಿಸುವ ಬಾಗಿಲುಳ್ಳ ಕಟ್ಟೆ) ಇಳಿದ ಮೇಲೆ ಬಾತ್ ನಗರದವರೆಗೆ ಮತ್ತೊಂದು ಲಾಕ್ ಇಲ್ಲ. ಏವನ್‌ಕ್ಲಿಫ್ ಮತ್ತು ಡಂಡಸ್‌ಗಳಲ್ಲಿ ನದಿಯ ಮೇಲೆ ಕಟ್ಟಿದ ಕಲ್ಲಿನ ಮೇಲ್ಗಾಲುವೆಗಳಲ್ಲಿ ದೋಣಿ ಸಾಗುವುದನ್ನು ತಂದೆಯವರು ನೋಡಲೇಬೇಕೆಂಬುದು ನನ್ನ ಹಂಬಲ. ಬಾತ್‌ನಲ್ಲಿ ಆರು ಲಾಕ್ ಇಳಿದು ನದಿಗೆ ಸೇರಿ ಬ್ರಿಸ್ಟಲ್ ಕಡೆಗೆ ಹೋಗಬಹುದಾದರೂ, ಮಳೆ ಬಂದಾಗ ನದಿಯ ಸೆಳೆತ ಹೆಚ್ಚುವುದರಿಂದ ಹೊಸಬರಿಗೆ ಅದು ತರವೇ ಎಂಬ ಅಳುಕಿದೆ. ಪೂರ್ವಕ್ಕೆ ಹೋದರೆ ಡಿವೈಜಸ್ ಬಳಿ ಕೇನ್ ಹಿಲ್‌ನ 29 ಲಾಕ್‌ಗಳು ಎದುರಾಗುತ್ತವೆ. ಅವುಗಳಲ್ಲಿ ಗುಡ್ಡದ ಮೇಲೆ ಮೆಟ್ಟಿಲಿನಂತೆ ಸಾಲಾಗಿರುವ 16 ಲಾಕ್‌ಗಳ ನೋಟ ಅಪೂರ್ವವಾದದ್ದೇ, ಆದರೆ ಮಂಡಿನೋವಿರುವ ತಾಯಿಯವರಿಂದ ಕೆಲಸ ಮಾಡಿಸಲಾಗದು. ಒಬ್ಬರು ಚುಕ್ಕಾಣಿ ಹಿಡಿದು, ಇನ್ನೊಬ್ಬರೇ ಹಿಡಿಕೆ ತಿರುಗಿಸಿ ತೂಬು ಎತ್ತಿ, ಭಾರವಾದ ಬಾಗಿಲುಗಳನ್ನು ತಳ್ಳಿ ಒಂದೇ ದಿನದಲ್ಲಿ ಏರುವುದು ಸಾಧ್ಯವೇ?

ಲಾಕ್ ಇಳಿಯುವಾಗ ಮೇಲಿನ ಬಾಗಿಲಿನ ಬುಡದ ಕಟ್ಟೆಗೆ ದೋಣಿಯ ಹಿಂಭಾಗ ಸಿಕ್ಕಿಕೊಂಡರೆ ದೋಣಿ ಮುಳುಗುವ ಅಪಾಯವಿದೆಯೆಂದು ಓದಿದ್ದೇನೆ. ಆ ಹೊತ್ತಿನಲ್ಲಿ ಹಿರಿಯರನ್ನು ದಡದಲ್ಲಿ ಇಳಿಸುವುದು ಲೇಸೇ, ಅಥವಾ ಒಳಗೆ ಕುಳಿತಿರುವುದೇ ಕ್ಷೇಮವೇ? ದೋಣಿಗೆ ಹತ್ತಿ ಇಳಿಯುವ ಮೆಟ್ಟಿಲು ಎಷ್ಟು ಕಡಿದು ಎಂಬುದನ್ನೂ, ಈ ದಾರಿಯಲ್ಲಿ ಹಿರಿಯರೊಂದಿಗೆ ಹೋಗಿಬಂದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.